ನಡುವಯಸ್ಸಿನಲ್ಲಿ ಮೊದಲ ಸ್ಯಾಕ್ಸೋಫೋನ್: ಕಾರವಾರದಲ್ಲಿ ಇರುವವರು ಯಾವುದನ್ನು ಕೊಳ್ಳಬೇಕು?

ಕೋಡಿಬಾಗದವ:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ವಾಸವಾಗಿದ್ದೇನೆ, ವಯಸ್ಸು 47. ಶಾಲೆಗೆ ಹೋಗುವ ಕಾಲದಲ್ಲಿ ಹಾರ್ಮೋನಿಯಂ ಕಲಿತಿದ್ದರಿಂದ ಸ್ವರಜ್ಞಾನ ಅಷ್ಟಿಷ್ಟು ಉಳಿದಿದೆಯಾದರೂ ಊದುವ ವಾದ್ಯವನ್ನು ಇದುವರೆಗೆ ಕೈಯಲ್ಲಿ ಹಿಡಿದವನಲ್ಲ. ಕದ್ರಿ ಗೋಪಾಲನಾಥರ ಕ್ಯಾಸೆಟ್ಟುಗಳನ್ನು ಕೇಳುತ್ತ ಬೆಳೆದವರಲ್ಲಿ ನಾನೂ ಒಬ್ಬ. ಮಕ್ಕಳ ಓದು ಒಂದು ದಡ ಮುಟ್ಟಿರುವುದರಿಂದ ಈಗ ಸ್ಯಾಕ್ಸೋಫೋನ್ ಕಲಿಯಲೇಬೇಕೆಂದು ನಿಶ್ಚಯಿಸಿದ್ದೇನೆ. ಗುರಿ ದೊಡ್ಡದೇನಲ್ಲ. ನಮ್ಮ ಕೇರಿಯ ದೇವಸ್ಥಾನದಲ್ಲಿ ಏಕಾದಶಿಯಂದು ನಡೆಯುವ ಭಜನೆಯಲ್ಲಿ ಹಾರ್ಮೋನಿಯಂ ಜೊತೆಗೆ ಕೂತು ನುಡಿಸುವಷ್ಟಾದರೆ ಸಾಕು. ಅಲ್ಲಿ ಹಾಡುವವರೆಲ್ಲ ಗಂಡಸರು, ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ.

ನನ್ನ ಮುಂದೆ ಸದ್ಯ ಮೂರು ಆಯ್ಕೆಗಳಿವೆ. ಆನ್‌ಲೈನಿನಲ್ಲಿ 22 ಸಾವಿರಕ್ಕೆ ಹೊಚ್ಚಹೊಸ ಆಲ್ಟೋ, ಅಂದರೆ ಮಧ್ಯಮ ಗಾತ್ರದ ಸ್ಯಾಕ್ಸೋಫೋನ್, ಸಿಗುತ್ತದೆ, ಆದರೆ ಅದರ ಮೇಲಿರುವ ಹೆಸರನ್ನು ನಾನು ಬೇರೆಲ್ಲೂ ಕೇಳಿಲ್ಲ. ಮಡಗಾಂವದ ಕಡೆಯ ಒಬ್ಬರು ತಮ್ಮ ಹಳೆಯ ಯಮಾಹಾ ಆಲ್ಟೋವನ್ನು, ವೈ.ಎ.ಎಸ್. 275 ಎಂಬ ಮಾದರಿಯದಂತೆ, 60 ಸಾವಿರಕ್ಕೆ ಕೊಡುವುದಾಗಿ ಹೇಳಿದ್ದಾರೆ. ಮೂರನೆಯದಾಗಿ, ಪರಿಚಯದವರೊಬ್ಬರ ಮನೆಯಲ್ಲಿ ಯಾರೂ ನುಡಿಸದ, ಆಲ್ಟೋಗಿಂತ ದೊಡ್ಡದಾದ ಟೆನರ್ ಒಂದು ಬಿದ್ದಿದೆ, ಅದನ್ನು ಅವರು ಕಡಿಮೆ ಬೆಲೆಗೆ ಬಿಟ್ಟುಕೊಡಲು ಸಿದ್ಧರಿದ್ದಾರೆ. ಸಮುದ್ರದಿಂದ ಕೂಗಳತೆಯಲ್ಲಿರುವ ಮನೆಯಲ್ಲಿ ಇಂಥ ವಾದ್ಯ ಬಾಳಿಕೆ ಬರುತ್ತದೆಯೇ ಎಂಬುದೂ ನನ್ನ ಅನುಮಾನ. ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಶಿರಸಿಯ ಶ್ರೋತೃ:

ಬೆಲೆಯ ಮಾತಿಗೆ ಹೋಗುವ ಮುನ್ನ ಆಲ್ಟೋ ಬೇಕೋ ಟೆನರ್ ಬೇಕೋ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳಿತು. ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದದ್ದು ಚಿಕ್ಕದರಿಂದ ದೊಡ್ಡದರವರೆಗಿನ ಒಂದು ವಾದ್ಯ ಕುಟುಂಬಕ್ಕೇ ಆದ್ದರಿಂದ, ಬೆರಳುಗಳ ವಿನ್ಯಾಸ ಎಲ್ಲದರಲ್ಲೂ ಒಂದೇ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ವ್ಯರ್ಥವಾಗುವುದಿಲ್ಲ. ಸೊಪ್ರಾನೊ ಚಿಕ್ಕದಾಗಿ ಚೆಂದ ಕಂಡರೂ ಅದರಲ್ಲಿ ಶ್ರುತಿ ಹಿಡಿಯುವುದು ಹೊಸಬರಿಗೆ ಕಷ್ಟ, ಬ್ಯಾರಿಟೋನ್ ನಿಮಗೆ ಬೇಕಿಲ್ಲ. ಉಳಿಯುವುದು ನೀವು ಹೇಳಿದ ಎರಡೇ.

ಪಾಶ್ಚಾತ್ಯ ಸ್ವರನಾಮಗಳಲ್ಲಿ ಹೇಳುವುದಾದರೆ ಆಲ್ಟೋ ಇ ಫ್ಲ್ಯಾಟ್ ವಾದ್ಯ, ಟೆನರ್ ಬಿ ಫ್ಲ್ಯಾಟ್ ವಾದ್ಯ. ಅಂದರೆ ಆಲ್ಟೋದಲ್ಲಿ ಸಿ ಎಂದು ಬೆರಳಿಟ್ಟು ಊದಿದರೆ ಹಾರ್ಮೋನಿಯಂನ ಕಪ್ಪು ಎರಡು ಕೇಳಿಸುತ್ತದೆ, ಟೆನರ್‌ನಲ್ಲಿ ಅದೇ ಬೆರಳಿಗೆ ಕಪ್ಪು ಐದು ಕೇಳಿಸುತ್ತದೆ. ಪಾಶ್ಚಾತ್ಯ ಸಂಗೀತದವರಿಗೆ ಇದೊಂದು ತಲೆನೋವು, ಏಕೆಂದರೆ ಅವರು ಪ್ರತಿಯೊಂದು ಕೃತಿಯನ್ನೂ ವಾದ್ಯಕ್ಕೆ ತಕ್ಕಂತೆ ಬದಲಿಸಿ ಬರೆದುಕೊಳ್ಳಬೇಕು. ನಮಗೆ ಷಡ್ಜ ಎಲ್ಲಿ ಬೀಳುತ್ತದೆ ಎಂದು ಒಮ್ಮೆ ಗೊತ್ತಾದರೆ ಲೆಕ್ಕ ಅಲ್ಲಿಗೇ ಮುಗಿಯಿತು. ನಿಮ್ಮ ಕಪ್ಪು ಒಂದು ಎಂದರೆ ಸಿ ಶಾರ್ಪ್. ಅದು ಆಲ್ಟೋದಲ್ಲಿ ಬಿ ಫ್ಲ್ಯಾಟ್ ಬೆರಳಿಗೆ ಬರುತ್ತದೆ, ಟೆನರ್‌ನಲ್ಲಿ ಇ ಫ್ಲ್ಯಾಟ್ ಬೆರಳಿಗೆ. ಸ್ಯಾಕ್ಸೋಫೋನಿನ ಅತ್ಯಂತ ಕೆಳಗಿನ ಸ್ವರವೂ ಬಿ ಫ್ಲ್ಯಾಟೇ ಆಗಿರುವುದರಿಂದ, ಆಲ್ಟೋದಲ್ಲಿ ನಿಮಗೆ ಮಂದ್ರ ಷಡ್ಜದಿಂದ ತಾರ ಪಂಚಮದವರೆಗೆ ಎರಡೂವರೆ ಸಪ್ತಕ ಒಂದು ಸ್ವರವೂ ಪೋಲಾಗದಂತೆ ಒದಗುತ್ತದೆ. ಭಜನೆಗೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆಯನ್ನು ಬೇಕೆಂದೇ ಮಾಡಿದರೂ ಸಿಗಲಿಕ್ಕಿಲ್ಲ.

ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಆಲ್ಟೋದ ಆ ಮಂದ್ರ ಷಡ್ಜವು ನಿಜವಾದ ಎತ್ತರದಲ್ಲಿ ಗಂಡಸರು ಹಾಡುವ ಮಧ್ಯ ಷಡ್ಜವೇ ಆಗಿರುತ್ತದೆ. ಆದ್ದರಿಂದ ಹಾಡುವವರ ಮಂದ್ರಕ್ಕೆ ಆಲ್ಟೋ ಇಳಿಯಲಾರದು, ಅದು ಕೊಳಲಿನ ಹಾಗೆ ಒಂದು ಸಪ್ತಕ ಮೇಲೆ ನುಡಿಯುತ್ತದೆ. ಟೆನರ್ ಮಾತ್ರ ಗಂಡು ಕಂಠದ ಎತ್ತರದಲ್ಲೇ ನಿಂತು ಮಂದ್ರ ಪಂಚಮದವರೆಗೆ ಇಳಿಯುತ್ತದೆ. ಕಂಠದ ಜೊತೆಗೇ ಬೆರೆತು ಹೋಗುವ ನಾದ ಬೇಕೆನ್ನುವವರಿಗೆ ಟೆನರ್ ಹಿಡಿಸುವುದು ಇದೇ ಕಾರಣಕ್ಕೆ. ಆದರೂ ನನ್ನ ಮತ ಆಲ್ಟೋಗೆ. ಆಲ್ಟೋ ಸುಮಾರು ಎರಡೂವರೆ ಕಿಲೋ, ಟೆನರ್ ಮೂರೂವರೆ ಕಿಲೋದ ಆಸುಪಾಸು. ಕುತ್ತಿಗೆ ನೋವಿನ ವಯಸ್ಸಿಗೆ ಬಂದವರಿಗೆ ಈ ಒಂದು ಕಿಲೋ ಸಣ್ಣದಲ್ಲ. ಟೆನರ್ ಹೆಚ್ಚು ಉಸಿರನ್ನೂ ಬೇಡುತ್ತದೆ. ಮೇಲಾಗಿ ಗೋಪಾಲನಾಥರು ನುಡಿಸುತ್ತಿದ್ದದ್ದೂ ಆಲ್ಟೋವನ್ನೇ. ನಿಮ್ಮ ಕಿವಿಯಲ್ಲಿ ಕೂತಿರುವ ನಾದ ಅದು, ಟೆನರ್ ತಂದುಕೊಂಡು ಆ ನಾದಕ್ಕಾಗಿ ಹುಡುಕಾಡುವಂತಾಗಬಾರದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಾನ್ಸುರಿಯಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆ ಕೂರುವುದರಿಂದ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಸಲೀಸಾಗಿ ಬರುತ್ತದೆ, ಸ್ಯಾಕ್ಸೋಫೋನಿನಲ್ಲಿ ರಂಧ್ರವನ್ನು ಮುಚ್ಚುವುದು ಬೆರಳಲ್ಲ, ಕೀ ಒತ್ತಿದಾಗ ಇಳಿಯುವ ಪ್ಯಾಡು. ತುಟಿ, ಗಂಟಲು ಮತ್ತು ಕೀಯನ್ನು ಅರೆಬರೆ ಎತ್ತುವ ಚಮತ್ಕಾರ ಮೂರನ್ನೂ ಕೂಡಿಸಿಯೇ ಸ್ವರವನ್ನು ಜಾರಿಸಬೇಕು. ನಾಗಸ್ವರದ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತು, ಅದಕ್ಕೆ ಗಮಕ ಕಲಿಸಿದವರು ಗೋಪಾಲನಾಥರು. ಅವರ ನುಡಿಸಾಣಿಕೆಯನ್ನು ಕೇಳಿ ಇದು ಸುಲಭವೆಂದು ತಿಳಿಯಬೇಡಿ. ಮೊದಲ ವರ್ಷ ನೇರ ಸ್ವರ ನಿಂತರೆ ಸಾಕು.

ಅಂಕೋಲೆಯ ಹವ್ಯಾಸಿ:

ವಾದ್ಯಕ್ಕಿಂತ ಮೊದಲು ಕಲಿಸುವವರನ್ನು ಹುಡುಕಿ ಎಂದಷ್ಟೇ ನನ್ನ ಸಲಹೆ. ತುಟಿಯ ಹಿಡಿತವನ್ನು ವಿಡಿಯೊ ನೋಡಿ ಕಲಿತವರ ಸ್ವರ ಎಲ್ಲಿ ಅಲುಗುತ್ತದೆ ಎಂಬುದು ಎದುರಿಗೆ ಕೂತ ಗುರುವಿಗೆ ಮಾತ್ರ ಕಾಣುತ್ತದೆ. ಮದುವೆ, ಉತ್ಸವಗಳಲ್ಲಿ ನುಡಿಸುವ ವಾದಕರನ್ನು ವಿಚಾರಿಸಿದರೆ ಕಲಿಸಲು ಒಪ್ಪುವವರು ಖಂಡಿತ ಸಿಗುತ್ತಾರೆ, ಕೊಳ್ಳುವ ದಿನ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. 22 ಸಾವಿರದ ಹೊಸ ವಾದ್ಯವನ್ನು ನಾನು ಅಷ್ಟಾಗಿ ಹೀಗಳೆಯುವುದಿಲ್ಲ. ಆರು ತಿಂಗಳಲ್ಲಿ ಆಸಕ್ತಿ ಇಳಿದುಹೋದರೆ ಹೋಗುವುದು ಅಷ್ಟೇ ಹಣ.

ಹೊನ್ನಾವರದ ವಾದಕ:

ಅಂಕೋಲೆಯವರ ಮೊದಲ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ, ಎರಡನೆಯದಕ್ಕೆ ಇಲ್ಲ. ಮದುವೆ ಮತ್ತು ದೇವಸ್ಥಾನಗಳ ಸೇವೆಯಲ್ಲಿ ನುಡಿಸುವುದೇ ನನ್ನ ಉದ್ಯೋಗವಾಗಿರುವುದರಿಂದ ಅಗ್ಗದ ವಾದ್ಯಗಳನ್ನು ತಂದವರು ರಿಪೇರಿಗೆಂದು ನಮ್ಮ ಬಳಿಯೇ ಬರುತ್ತಾರೆ. ಹೆಸರಿಲ್ಲದ ಆ ವಾದ್ಯಗಳಲ್ಲಿ ಹಿತ್ತಾಳೆ ಇರುವುದು ನಿಜ, ಮೆರುಗೂ ಕಣ್ಣು ಕುಕ್ಕುವಂತಿರುತ್ತದೆ, ಆದರೆ ಕೀಗಳ ಲೋಹ ಮೆದುವಾಗಿದ್ದು ಒಂದಿಷ್ಟು ಜೋರಾಗಿ ಒತ್ತಿದರೂ ಬಾಗುತ್ತದೆ. ಕೀ ಬಾಗಿದರೆ ಪ್ಯಾಡು ರಂಧ್ರದ ಮೇಲೆ ಸಮನಾಗಿ ಕೂರುವುದಿಲ್ಲ, ಗಾಳಿ ಸೋರುತ್ತದೆ, ಕೆಳಗಿನ ಸ್ವರಗಳು ಹೊರಡುವುದಿಲ್ಲ. ಹಳೆಯ ವಾದಕನಾದರೆ ದೋಷ ವಾದ್ಯದ್ದೆಂದು ಕೂಡಲೇ ಗುರುತಿಸುತ್ತಾನೆ. ಹೊಸದಾಗಿ ಕಲಿಯುವವನು ತನಗೇ ಬರುವುದಿಲ್ಲವೆಂದು ತಿಳಿದು ಇನ್ನಷ್ಟು ಕಚ್ಚಿ ಹಿಡಿದು ಊದುತ್ತಾನೆ, ತುಟಿ ಕೆಡಿಸಿಕೊಳ್ಳುತ್ತಾನೆ, ಕೊನೆಗೆ ಬಿಟ್ಟೇ ಬಿಡುತ್ತಾನೆ. ಆಸಕ್ತಿ ಇಳಿಯುವುದಕ್ಕೆ ಬಹಳ ಸಲ ಆ ವಾದ್ಯವೇ ಕಾರಣ. ಅದನ್ನು ಮರಳಿ ಮಾರಲು ಹೋದರೆ ಕೇಳುವವರೂ ಇರುವುದಿಲ್ಲ, ಆದರೆ ಯಮಾಹಾ, ಜುಪಿಟರ್‌ನಂಥ ಹೆಸರಿರುವ ವಾದ್ಯವನ್ನು ಸರಿಯಾಗಿ ಇಟ್ಟುಕೊಂಡಿದ್ದರೆ ಕೊಟ್ಟ ಹಣದ ಬಹುಪಾಲು ವಾಪಸು ಬರುತ್ತದೆ. ಕಲಿಯುವವರಿಗೆಂದೇ ಯಮಾಹಾ ತಯಾರಿಸುವ ವೈ.ಎ.ಎಸ್. 280 ಹೊಸದಕ್ಕೆ ಇಂದು ಒಂದು ಲಕ್ಷ ದಾಟುತ್ತದೆ. ನಿಮಗೆ ಮಡಗಾಂವದಲ್ಲಿ ಸಿಗುತ್ತಿರುವ 275 ಅದರ ಹಿಂದಿನ ಮಾದರಿ, ಗಟ್ಟಿಮುಟ್ಟಾದದ್ದು. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ನೋಡಿ ಬರಲು ಯೋಗ್ಯವಾದದ್ದು ಅದೊಂದೇ. ಗೋವಾದಲ್ಲಿ ಚರ್ಚುಗಳ ಮೂಲಕ ಪಾಶ್ಚಾತ್ಯ ವಾದ್ಯಗಳ ಬಳಕೆ ಹಳೆಯದಾಗಿರುವುದರಿಂದ ರಿಪೇರಿ ಬಲ್ಲವರೂ ಅಲ್ಲಿ ಸಿಗುತ್ತಾರೆ. ಕಾರವಾರದಲ್ಲಿರುವ ನಿಮಗೆ ಮಂಗಳೂರಿಗಿಂತ ಮಡಗಾಂವ್ ಎಷ್ಟೋ ಹತ್ತಿರ. ಯಾವ ವಾದ್ಯ ಕೊಂಡರೂ ಅದು ಕೆಟ್ಟಾಗ ಯಾರ ಕೈಗೆ ಕೊಡುವುದೆಂದು ಮೊದಲು ಗೊತ್ತುಮಾಡಿಕೊಂಡೇ ಹಣ ಎಣಿಸಬೇಕೆಂಬುದು ನಮ್ಮ ಕಡೆಯವರು ಮರೆಯಬಾರದ ವಿಷಯ.

ನೋಡಲು ಹೋದಾಗ ಹೊಳಪಿಗೆ ಮರುಳಾಗಬೇಡಿ, ಮೆರುಗು ಅಲ್ಲಲ್ಲಿ ಹೋಗಿದ್ದರೆ ನಾದಕ್ಕೆ ಏನೂ ಆಗುವುದಿಲ್ಲ. ಹಿತ್ತಾಳೆಯ ಮೇಲೆ ತಾಮ್ರದ ಬಣ್ಣದ ಗುಲಾಬಿ ಚುಕ್ಕೆಗಳಿದ್ದರೆ ಮಾತ್ರ ಎಚ್ಚರ ವಹಿಸಿ, ಅದು ಲೋಹದೊಳಗಿನ ಸತುವು ಕರಗಿ ಹೋಗುತ್ತಿರುವ ಲಕ್ಷಣ. ನೆಕ್ ಎಂದು ಕರೆಯುವ ಬಾಗಿದ ಕೊಳವೆಯನ್ನು ಬಿಚ್ಚಿ ಅದರ ಒಳಬಾಗಿನಲ್ಲಿ ಮಡಿಕೆ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಯಾರೋ ಬಾಯಿಗಿಟ್ಟು ಊದುವ ಮೌತ್‌ಪೀಸನ್ನು ಬಲವಂತವಾಗಿ ತುರುಕಿ ಅದನ್ನು ಬಗ್ಗಿಸಿದ್ದಾರೆ ಎಂದೇ ಅರ್ಥ. ಬಳಿಕ ಕೋಣೆಯನ್ನು ಕತ್ತಲೆ ಮಾಡಿ, ತೆಳುವಾದ ಎಲ್‌ಇಡಿ ದೀಪದ ಪಟ್ಟಿಯೊಂದನ್ನು ವಾದ್ಯದ ಹೊಟ್ಟೆಯೊಳಗೆ ಇಳಿಬಿಟ್ಟು, ಕೀಗಳನ್ನು ಒಂದೊಂದಾಗಿ ಮೆಲ್ಲಗೆ ಮುಚ್ಚಿ. ಚೆನ್ನಾಗಿ ಕೂರುವ ಪ್ಯಾಡಿನ ಸುತ್ತ ಬೆಳಕು ಎಲ್ಲ ಕಡೆಯೂ ಒಟ್ಟಿಗೇ ಆರುತ್ತದೆ. ಸೋರುವ ಪ್ಯಾಡಿನ ಒಂದು ಅಂಚಿನಲ್ಲಿ ಉಗುರಿನಷ್ಟು ಉದ್ದದ ಬೆಳಕಿನ ಗೆರೆ ಕೊನೆಯವರೆಗೂ ಉಳಿದುಕೊಳ್ಳುತ್ತದೆ. ಕೊನೆಗೆ ನಿಮ್ಮ ಜೊತೆಗಿರುವ ವಾದಕರು ಕೆಳಗಿನ ಸಿ, ಬಿ, ಬಿ ಫ್ಲ್ಯಾಟ್ ಮೂರನ್ನೂ ಮೆಲುದನಿಯಲ್ಲಿ ಊದಲಿ. ಜೋರಾಗಿ ಊದಿದರೆ ಸೋರುವ ವಾದ್ಯವೂ ಒಮ್ಮೊಮ್ಮೆ ಕೂಗಿಬಿಡುತ್ತದೆ, ಮೆಲ್ಲಗೆ ಊದಿದಾಗ ಮಾತ್ರ ಅದರ ಗುಟ್ಟು ಹೊರಬೀಳುತ್ತದೆ.

ಇನ್ನು ಸಮುದ್ರದ ಗಾಳಿಯ ವಿಚಾರ. ಇದು ನಮಗೆಲ್ಲರಿಗೂ ಇರುವ ಕಷ್ಟ, ಆದರೆ ಹೆದರುವಂಥದ್ದಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ನಮ್ಮ ತೀರದಲ್ಲಿ ಹಿತ್ತಾಳೆಗಿಂತ ಮೊದಲು ಸೋಲುವುದು ಪ್ಯಾಡುಗಳು ಮತ್ತು ಸ್ಪ್ರಿಂಗುಗಳು. ಪ್ಯಾಡೆಂದರೆ ಉಣ್ಣೆಯ ಫೆಲ್ಟಿನ ಮೇಲೆ ತೆಳುವಾದ ಚರ್ಮ ಹೊದಿಸಿದ ಬಿಲ್ಲೆ. ತೇವ ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರುಸಾಗುತ್ತದೆ. ಕೀಗಳನ್ನು ಮೇಲೆತ್ತಿ ಹಿಡಿಯುವ ಸ್ಪ್ರಿಂಗುಗಳು ಸೂಜಿಯಂಥ ಉಕ್ಕಿನ ತಂತಿಗಳಾದ್ದರಿಂದ ಉಪ್ಪುಗಾಳಿಗೆ ತುಕ್ಕು ಹಿಡಿದು ಒಂದು ದಿನ ಪಟ್ಟನೆ ಮುರಿಯುತ್ತವೆ. ನುಡಿಸಿ ಮುಗಿಸಿದ ಕೂಡಲೇ ಬಟ್ಟೆಯನ್ನು ಒಳಗಿನಿಂದ ಎಳೆದು ಉಸಿರಿನ ನೀರನ್ನು ಒರೆಸಬೇಕು, ಒದ್ದೆ ಬಟ್ಟೆಯನ್ನು ಪೆಟ್ಟಿಗೆಯೊಳಗೆ ವಾದ್ಯದ ಜೊತೆಗೇ ಇಟ್ಟು ಮುಚ್ಚಬಾರದು. ಆಷಾಢದಲ್ಲಿ ವಾರಗಟ್ಟಲೆ ತೆರೆಯದ ಪೆಟ್ಟಿಗೆಯನ್ನು ತೆರೆದಾಗ ಬರುವ ಬೂಷ್ಟಿನ ವಾಸನೆ ಒಮ್ಮೆ ಪ್ಯಾಡಿಗೆ ಹತ್ತಿತೆಂದರೆ ಬಿಡುವುದಿಲ್ಲ. ಸಿಲಿಕಾ ಜೆಲ್ ಚೀಲಗಳನ್ನಿಟ್ಟು, ಅವು ತೇವ ಹೀರಿ ತುಂಬಿದಾಗ ಬದಲಿಸುತ್ತಿರಿ. ಬೆಚ್ಚಗಿರಲಿ ಎಂದು ಮೃದಂಗವನ್ನು ಒಲೆಯ ಹತ್ತಿರ ಇಡುವ ಹಾಗೆ ಇದನ್ನು ಇಡಬಾರದು, ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಬಿಟ್ಟು ಹೋಗಲೇಬಾರದು. ಪ್ಯಾಡುಗಳನ್ನು ಹಿಡಿದಿಡುವುದು ಅರಗು ಅಥವಾ ಕಾಯಿಸಿ ಹಚ್ಚುವ ಅಂಟು, ಅದು ಮೆತ್ತಗಾದರೆ ಪ್ಯಾಡು ಜಾಗ ಬಿಟ್ಟು ಸರಿಯುತ್ತದೆ. ಕೀಗಳ ಕಡ್ಡಿಗೆ ತೆಂಗಿನೆಣ್ಣೆ ಬಿಡುವವರನ್ನೂ ನೋಡಿದ್ದೇನೆ. ಅದು ಕೆಲವೇ ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ, ಕೀಗಳಿಗೆಂದೇ ಸಿಗುವ ತೆಳು ಎಣ್ಣೆಯ ಒಂದು ಹನಿ ಸಾಕು.

ಹಾಗೆಯೇ, ಪರಿಚಯದವರ ಮನೆಯ ಟೆನರ್ ಕಡಿಮೆ ಬೆಲೆಯದೆಂದು ಆಸೆಪಡಬೇಡಿ. ಕರಾವಳಿಯಲ್ಲಿ ಯಾರೂ ನುಡಿಸದೆ ಮೂಲೆಯಲ್ಲಿ ಬಿದ್ದ ಸ್ಯಾಕ್ಸೋಫೋನಿಗೆ ಎಲ್ಲ ಪ್ಯಾಡುಗಳನ್ನೂ ಬದಲಿಸುವ ಖರ್ಚು ಇದ್ದೇ ಇರುತ್ತದೆ.

ಕೋಡಿಬಾಗದವ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಹೊನ್ನಾವರದವರು ಹೇಳಿದಂತೆ ಪರಿಚಿತ ವಾದಕರೊಬ್ಬರನ್ನು ಕರೆದುಕೊಂಡು ಹೋಗಿ ಮಡಗಾಂವದ ವಾದ್ಯವನ್ನು ನೋಡಿ ಬಂದೆ. ಮೆರುಗು ಬೆರಳು ತಾಗುವ ಕಡೆ ಹೋಗಿದೆ, ಗುಲಾಬಿ ಚುಕ್ಕೆಗಳು ಕಾಣಲಿಲ್ಲ, ನೆಕ್‌ನಲ್ಲಿ ಮಡಿಕೆ ಬಿದ್ದಿಲ್ಲ. ಆದರೆ ಜಿ ಶಾರ್ಪ್ ಕೀ ಒತ್ತಿದರೆ ಪ್ಯಾಡು ಅಂಟಿಕೊಂಡೇ ಇದ್ದು, ಆಮೇಲೆ ಪಚ್ ಎಂದು ಬಿಡುತ್ತದೆ. ಕೆಳಗಿನ ಬಿ ಮತ್ತು ಬಿ ಫ್ಲ್ಯಾಟ್ ಮೆಲ್ಲಗೆ ಊದಿದಾಗ ನಡುಗಿದವು. ಮಾಲೀಕರು 60 ಸಾವಿರಕ್ಕಿಂತ ಕಡಿಮೆಗೆ ಒಪ್ಪುತ್ತಿಲ್ಲ. ಹೀಗಿರುವಾಗ ಮುಂದುವರಿಯಬಹುದೇ? ಇನ್ನೊಂದು ವಿಷಯವೆಂದರೆ ನಮ್ಮದು ಅಪಾರ್ಟ್‌ಮೆಂಟ್. ಬೆಲ್ಲಿನೊಳಗೆ, ಅಂದರೆ ವಾದ್ಯದ ಅಗಲವಾದ ಬಾಯಿಯೊಳಗೆ, ಬಟ್ಟೆ ತುರುಕಿ ಸದ್ದು ಕಡಿಮೆ ಮಾಡಬಹುದೆಂದು ಮನೆಯವರು ಹೇಳುತ್ತಿದ್ದಾರೆ.

ಹೊನ್ನಾವರದ ವಾದಕ:

ಜಿ ಶಾರ್ಪ್ ಅಂಟುವುದು ಸ್ಯಾಕ್ಸೋಫೋನಿನ ಹುಟ್ಟುಗುಣವೆಂದೇ ತಿಳಿಯಿರಿ. ಆ ಪ್ಯಾಡು ಸದಾ ಮುಚ್ಚಿಕೊಂಡೇ ಇರುವಂಥದ್ದು, ಕೀ ಒತ್ತಿದಾಗ ಅದನ್ನು ಎತ್ತುವ ಸ್ಪ್ರಿಂಗು ಮೃದುವಾದದ್ದು, ಆದ್ದರಿಂದ ಎಂಜಲಿನ ಅಂಟು ಹಿಡಿದರೆ ಎದ್ದೇಳುವುದಿಲ್ಲ. ಸಿಗರೇಟು ಸುತ್ತುವ ತೆಳು ಕಾಗದವನ್ನು ಪ್ಯಾಡಿನ ಕೆಳಗಿಟ್ಟು ಮೆಲ್ಲಗೆ ಒತ್ತಿ ತೆಗೆದರೆ ಅಂಟು ಕಾಗದಕ್ಕೆ ಬರುತ್ತದೆ. ಅದಕ್ಕಾಗಿ ಒಂದು ರೂಪಾಯಿಯನ್ನೂ ಇಳಿಸಿ ಕೇಳಬೇಕಾಗಿಲ್ಲ. ಪೌಡರ್ ಮಾತ್ರ ಹಾಕಬೇಡಿ, ಅದು ಚರ್ಮವನ್ನು ಕೆಡಿಸುತ್ತದೆ.

ಕೆಳಗಿನ ಸ್ವರಗಳು ನಡುಗುವುದು ಬೇರೆ ಮಾತು. ಆ ಸ್ವರಗಳು ಹೊರಡಬೇಕಾದರೆ ಮೇಲಿನ ಪ್ಯಾಡುಗಳೆಲ್ಲವೂ ಒಟ್ಟಿಗೆ ಮುಚ್ಚಿರಬೇಕಾದ್ದರಿಂದ ಸೋರಿಕೆ ಎಲ್ಲಿದ್ದರೂ ದೂರು ಅಲ್ಲೇ ಕೇಳಿಸುತ್ತದೆ. ಒಂದೇ ಪ್ಯಾಡು ಓರೆಯಾಗಿರಲೂಬಹುದು, ಎಲ್ಲವೂ ಬಿರುಸಾಗಿರಲೂಬಹುದು. ಮೊದಲನೆಯದಾದರೆ ಒಂದು ಗಳಿಗೆಯ ಕೆಲಸ. ಎರಡನೆಯದಾದರೆ ಸುಮಾರು ಎರಡು ಡಜನ್ ಪ್ಯಾಡುಗಳನ್ನೂ ತೆಗೆದು ಹೊಸದು ಹಾಕಬೇಕು, ಅದು ದೊಡ್ಡ ಖರ್ಚು. ಮಾಲೀಕರ ಒಪ್ಪಿಗೆ ಪಡೆದು ಅಲ್ಲೇ ಮಡಗಾಂವದ ರಿಪೇರಿಯವರ ಬಳಿಗೆ ವಾದ್ಯವನ್ನು ಒಯ್ದು ಎಷ್ಟಾಗುತ್ತದೆಂದು ಬರೆಸಿಕೊಳ್ಳಿ. ಆ ಚೀಟಿಯನ್ನು ಮುಂದಿಟ್ಟು ಮಾತನಾಡಿದರೆ ಬೆಲೆ ಇಳಿಸುವುದು ಚೌಕಾಸಿ ಎನಿಸುವುದಿಲ್ಲ. ರಿಪೇರಿ ಖರ್ಚನ್ನು ಕಳೆದು ಕೊಡಲು ಅವರು ಒಪ್ಪದಿದ್ದರೆ ಬೇರೆಯದಕ್ಕೆ ಕಾಯಿರಿ. ಪರಿಚಯವಿಲ್ಲದವರಿಂದ ಕೊಳ್ಳುವಾಗ ಯಮಾಹಾ, ಸೆಲ್ಮರ್ ಹೆಸರು ಕೆತ್ತಿದ ನಕಲಿ ವಾದ್ಯಗಳೂ ಇರುತ್ತವೆಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಬೆಲ್ಲಿಗೆ ಬಟ್ಟೆ ತುರುಕುವುದರಿಂದ ಪ್ರಯೋಜನವಿಲ್ಲ. ತುತ್ತೂರಿಯಲ್ಲಿ ನಾದವೆಲ್ಲ ಬಾಯಿಯಿಂದಲೇ ಹೊರಬರುವುದರಿಂದ ಅಲ್ಲಿ ಆ ಉಪಾಯ ನಡೆಯುತ್ತದೆ. ಸ್ಯಾಕ್ಸೋಫೋನಿನಲ್ಲಿ ನಾದ ಹೊರಡುವುದು ಬಹುಮಟ್ಟಿಗೆ ತೆರೆದಿರುವ ರಂಧ್ರಗಳಿಂದ. ಬಟ್ಟೆಯಿಂದ ಕೆಳಗಿನ ಸ್ವರಗಳು ಕೆಡುತ್ತವೆಯೇ ಹೊರತು ಸದ್ದು ಇಳಿಯುವುದಿಲ್ಲ. ಹಾಸಿಗೆ, ಪರದೆ, ಬಟ್ಟೆಯ ಕಪಾಟು ಇರುವ ಕೋಣೆಯಲ್ಲಿ ಕಪಾಟಿನ ಬಾಗಿಲು ತೆರೆದು ಅದರತ್ತ ಮುಖಮಾಡಿ ನುಡಿಸಿ, ಹೊತ್ತನ್ನು ನೆರೆಯವರಿಗೆ ಮೊದಲೇ ತಿಳಿಸಿಬಿಡಿ. ಟಾಗೋರ್ ಬೀಚಿಗೆ ಹೋಗಿ ಅಭ್ಯಾಸ ಮಾಡುವ ಆಸೆ ಹಲವರಿಗೆ ಬರುತ್ತದೆ, ಉಪ್ಪುಗಾಳಿಯ ಜೊತೆಗೆ ಮರಳೂ ಕೀಗಳ ಸಂದಿಗೆ ಸೇರುವುದರಿಂದ ಅದನ್ನು ಬಿಟ್ಟುಬಿಡಿ.

ಶಿರಸಿಯ ಶ್ರೋತೃ:

ಉಳಿದದ್ದನ್ನು ನಾನು ಸೇರಿಸುತ್ತೇನೆ. ಹಳೆಯ ವಾದ್ಯದ ಜೊತೆಗೆ ಬರುವ ಮೌತ್‌ಪೀಸನ್ನು ಕಣ್ಣುಮುಚ್ಚಿ ಬಳಸಬೇಡಿ, ತುದಿ ಸವೆದಿರಬಹುದು ಅಥವಾ ಹಿಂದಿನವರು ಜೋರು ನಾದಕ್ಕೆಂದು ಬಾಯಿ ಅಗಲವಿರುವುದನ್ನು ಹಾಕಿಸಿರಬಹುದು. ಯಮಾಹಾದ 4ಸಿ ಎಂಬ ಸಾಧಾರಣ ಮೌತ್‌ಪೀಸ್ ಆರಂಭಕ್ಕೆ ಸಾಕು. ರೀಡು, ಅಂದರೆ ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಕಂಪಿಸುವ ತೆಳು ಪಟ್ಟಿ, ಎರಡು ಅಥವಾ ಎರಡೂವರೆ ಸಂಖ್ಯೆಯದಿರಲಿ. ಸಂಖ್ಯೆ ಒಂದೇ ಆದರೂ ಕಂಪನಿಯಿಂದ ಕಂಪನಿಗೆ ಗಡಸುತನ ಬದಲಾಗುತ್ತದೆ, ವಾಂಡೊರೆನ್‌ನ ಎರಡೂವರೆ ರೀಕೋದ ಎರಡೂವರೆಗಿಂತ ಗಟ್ಟಿ. ಮೂರ್ನಾಲ್ಕು ರೀಡುಗಳನ್ನು ಸರದಿಯಂತೆ ಬಳಸಿ, ಪ್ರತಿ ಸಲ ಒರೆಸಿ ಚಪ್ಪಟೆಯಾಗಿ ಒಣಗಿಸಿಡಿ. ಮಳೆಗಾಲದಲ್ಲಿ ಬೆತ್ತದ ರೀಡಿಗೆ ಬೂಷ್ಟು ಬರುವುದರಿಂದ ಬೇಸತ್ತವರು ಲೆಜೇರ್‌ನಂಥ ಸಿಂಥೆಟಿಕ್ ರೀಡಿಗೆ ಹೋಗುತ್ತಾರೆ, ಒಂದೇ ರೀಡಿಗೆ ಒಂದು ಪೆಟ್ಟಿಗೆ ಬೆತ್ತದ ರೀಡಿನಷ್ಟು ಬೆಲೆಯಾದರೂ ತೇವದ ಕಾಟವಿಲ್ಲ. ಕುತ್ತಿಗೆಗೆ ಹಾಕುವ ಪಟ್ಟಿಯ ಬದಲು ಎರಡೂ ಹೆಗಲಿಗೆ ಭಾರ ಹಂಚುವ ಹಾರ್ನೆಸ್ ಕೊಳ್ಳಿ.

ಎರಡನೆಯ ಸಲ ಮಡಗಾಂವಕ್ಕೆ ಹೋಗುವಾಗ ಫೋನಿನಲ್ಲಿ ಟ್ಯೂನರ್ ಇಟ್ಟುಕೊಂಡಿರಿ, ನಿಮ್ಮ ವಾದಕರು ಬಿ ಫ್ಲ್ಯಾಟನ್ನು ಷಡ್ಜವಾಗಿಸಿ ಮಂದ್ರದಿಂದ ತಾರದವರೆಗೆ ಒಂದೊಂದೇ ಸ್ವರವನ್ನು ನಿಲ್ಲಿಸಿ ನುಡಿಸಲಿ. ನಡುವಿನ ಡಿ, ಅಂದರೆ ನಿಮ್ಮ ಗಾಂಧಾರ, ಕೊಂಚ ಏರಿ ಕೇಳಿಸಿದರೆ ಗಾಬರಿಯಾಗಬೇಕಿಲ್ಲ, ಬಹುತೇಕ ಎಲ್ಲ ಸ್ಯಾಕ್ಸೋಫೋನಿನಲ್ಲೂ ಅದು ಹಾಗೆಯೇ ಇರುತ್ತದೆ, ತುಟಿಯಿಂದ ಇಳಿಸಿಕೊಳ್ಳುವುದನ್ನು ಕಲಿಯುತ್ತೀರಿ. ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಮೌತ್‌ಪೀಸನ್ನು ನೆಕ್ಕಿನ ತುದಿಯ ಕಾರ್ಕಿನ ಮೇಲೆ ಸ್ವಲ್ಪ ಹೊರಕ್ಕೆ ಸರಿಸಿ ನೋಡಿ. ಒಂದು ಸ್ವರ ಏರಿ ಮತ್ತೊಂದು ಇಳಿದು, ಮೌತ್‌ಪೀಸನ್ನು ಎಲ್ಲಿಟ್ಟರೂ ಷಡ್ಜ ಪಂಚಮಗಳು ಕೂಡದೇ ಹೋದರೆ ಬೆಲೆ ಎಷ್ಟೇ ಇಳಿದರೂ ಆ ವಾದ್ಯವನ್ನು ಅಲ್ಲಿಯೇ ಬಿಟ್ಟು ಬನ್ನಿ.